580 ಕೋಟಿ ಡಾಲರ್ ಕೊಟ್ಟು ಪಡೆದದ್ದು ಶೇ 3ರ ಹಕ್ಕು: ಕೋವಿಡ್ ಕಾಲದ ಏರ್‌ಲೈನ್ ನೆರವಿನ ಲೆಕ್ಕ

2024ರ ಜೂನ್‌ನಲ್ಲಿ ಅಮೆರಿಕದ ಖಜಾನೆ ಇಲಾಖೆ ತನ್ನ ಬಳಿ ಇದ್ದ ಏರ್‌ಲೈನ್ ವಾರಂಟ್‌ಗಳನ್ನು, ಅಂದರೆ ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳುವ ಹಕ್ಕುಗಳನ್ನು, ಹರಾಜು ಹಾಕಿತು. ಸಿಕ್ಕಿದ್ದು ಸುಮಾರು 55 ಕೋಟಿ ಡಾಲರ್. ಕೋವಿಡ್ ಕಾಲದಲ್ಲಿ ಸಿಬ್ಬಂದಿ ಸಂಬಳಕ್ಕೆಂದು ಸರ್ಕಾರ ಏರ್‌ಲೈನ್‌ಗಳಿಗೆ ಕೊಟ್ಟಿದ್ದು 5,400 ಕೋಟಿ ಡಾಲರ್. ಅದೇ ಅಕ್ಟೋಬರ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್ ಇನ್ನೊಂದು ಸುದ್ದಿ ಕೊಟ್ಟಿತು. 150 ಕೋಟಿ ಡಾಲರ್ ಹಾಕಿ ತನ್ನದೇ ಷೇರುಗಳನ್ನು ಮಾರುಕಟ್ಟೆಯಿಂದ ವಾಪಸ್ ಕೊಳ್ಳುತ್ತೇನೆ ಎಂದಿತು. ವಾರಂಟ್ ಮಾರಿ ಸರ್ಕಾರಕ್ಕೆ ಬಂದ ಹಣದ ಸುಮಾರು ಮೂರು ಪಟ್ಟನ್ನು ಒಂದೇ ಕಂಪನಿ ಷೇರುದಾರರಿಗೆ ಕೊಡಲು ಹೊರಟಿತ್ತು.

ಇದಕ್ಕೆ ಎರಡು ವರ್ಷ ಮೊದಲು ಜರ್ಮನಿ ಸರ್ಕಾರ ಲುಫ್ತಾನ್ಸಾದಲ್ಲಿದ್ದ ತನ್ನ ಪಾಲು ಮಾರಿ 76 ಕೋಟಿ ಯೂರೊ ಲಾಭ ಮಾಡಿಕೊಂಡಿತ್ತು.

ಎರಡೂ ಸರ್ಕಾರಗಳು ಒಂದೇ ಕಾಲದಲ್ಲಿ, ಒಂದೇ ಕಾರಣಕ್ಕೆ ಏರ್‌ಲೈನ್‌ಗಳನ್ನು ಕಾಪಾಡಿದವು. ಒಬ್ಬರ ಕೈಗೆ ಲಾಭ ಬಂತು, ಇನ್ನೊಬ್ಬರ ಕೈಗೆ ಚಿಲ್ಲರೆ. ಯಾಕೆ ಹೀಗಾಯಿತು? ಉತ್ತರ 2020ರ ಏಪ್ರಿಲ್, ಮೇ ತಿಂಗಳುಗಳಲ್ಲಿದೆ. ಆಗ ಹೂಡಿಕೆದಾರರು ಟೀವಿಯಲ್ಲಿ, ಷೇರುದಾರರ ಸಭೆಗಳಲ್ಲಿ ಇದೇ ವಿಷಯಕ್ಕೆ ಜಗಳವಾಡುತ್ತಿದ್ದರು.

ಆದಾಯ ನಿಂತಿತು, ಖರ್ಚು ನಿಲ್ಲಲಿಲ್ಲ

2020ರ ಏಪ್ರಿಲ್ 14ರಂದು ಅಮೆರಿಕದ ಎಲ್ಲ ವಿಮಾನ ನಿಲ್ದಾಣಗಳ ಭದ್ರತಾ ತಪಾಸಣೆ ದಾಟಿದವರು 87,534 ಮಂದಿ. ಹಿಂದಿನ ವರ್ಷ ಅದೇ ಹೊತ್ತಿನಲ್ಲಿ ದಿನಕ್ಕೆ 22 ಲಕ್ಷದಷ್ಟು ಜನ ದಾಟುತ್ತಿದ್ದರು. ನೂರು ಪ್ರಯಾಣಿಕರಿದ್ದ ಕಡೆ ನಾಲ್ವರು ಉಳಿದಿದ್ದರು.

ವಿಮಾನ ಹಾರದಿದ್ದರೆ ಖರ್ಚೂ ಇಲ್ಲ ಅಲ್ವಾ ಅನ್ನಿಸಬಹುದು. ಉಳಿಯುವುದು ಮುಖ್ಯವಾಗಿ ಇಂಧನದ ಖರ್ಚು. ನಿಂತ ವಿಮಾನಕ್ಕೂ ಬಾಡಿಗೆ ಇದೆ, ಸಾಲದ ಕಂತು ಇದೆ, ನಿಲ್ಲಿಸಿದ ಜಾಗದ ಶುಲ್ಕ ಇದೆ. ಪೈಲಟ್‌ಗಳನ್ನು ಸುಮ್ನೆ ಮನೆಯಲ್ಲಿ ಕೂರಿಸುವಂತಿಲ್ಲ. 90 ದಿನಗಳಲ್ಲಿ ಮೂರು ಸಲವಾದರೂ ಟೇಕಾಫ್, ಲ್ಯಾಂಡಿಂಗ್ ಮಾಡಿರದ ಪೈಲಟ್ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ ಎಂಬ ನಿಯಮ ಅಲ್ಲಿದೆ. ಇದರ ಮೇಲೆ ಇನ್ನೊಂದು ಪೆಟ್ಟು. ಏರ್‌ಲೈನ್‌ಗಳ ದಿನನಿತ್ಯದ ಖರ್ಚು ನಡೆಯುವುದು ಮುಂಗಡ ಟಿಕೆಟ್ ಹಣದಿಂದ. ಈಗ ಹೊಸ ಬುಕಿಂಗ್ ಇಲ್ಲ, ಹಳೆಯ ಬುಕಿಂಗ್ ಮಾಡಿದವರೆಲ್ಲ ರೀಫಂಡ್ ಕೇಳುತ್ತಿದ್ದಾರೆ. ಮಾರ್ಚ್ ಕೊನೆಯ ಹೊತ್ತಿಗೆ ಡೆಲ್ಟಾ ಕಂಪನಿಯ ಗಲ್ಲಾದಿಂದ ದಿನಕ್ಕೆ 10 ಕೋಟಿ ಡಾಲರ್ ಖಾಲಿಯಾಗುತ್ತಿತ್ತು.

ಮಾರ್ಚ್ 27ರಂದು ಅಮೆರಿಕ ಕೇರ್ಸ್ ಕಾಯ್ದೆ ತಂದಿತು. ಪ್ರಯಾಣಿಕ ಏರ್‌ಲೈನ್‌ಗಳಿಗೆ ಸಂಬಳ ಕೊಡಲು 2,500 ಕೋಟಿ ಡಾಲರ್, ಬೇಕಿದ್ದರೆ ಪ್ರತ್ಯೇಕ ಸಾಲವಾಗಿ ಇನ್ನೊಂದು 2,500 ಕೋಟಿ. ಸಂಬಳದ ನೆರವು ಆಮೇಲೆ ಎರಡು ಸಲ ಮುಂದುವರಿಯಿತು: ಡಿಸೆಂಬರ್‌ನಲ್ಲಿ 1,500 ಕೋಟಿ, 2021ರ ಮಾರ್ಚ್‌ನಲ್ಲಿ 1,400 ಕೋಟಿ. ಹಣ ಪಡೆದವರು ನೆರವಿನ ಅವಧಿಯಲ್ಲಿ ಸಿಬ್ಬಂದಿಯನ್ನು ತೆಗೆಯುವಂತಿಲ್ಲ, ಆಮೇಲೂ ಕೆಲ ಕಾಲ ಡಿವಿಡೆಂಡ್ ಕೊಡುವಂತಿಲ್ಲ, ಷೇರು ವಾಪಸ್ ಕೊಳ್ಳುವಂತಿಲ್ಲ, ಮೇಲಧಿಕಾರಿಗಳ ಸಂಬಳಕ್ಕೂ ಮಿತಿ.

ಸಿಟ್ಟು ಬಂದದ್ದು ಎಲ್ಲಿಂದ

ಷೇರು ವಾಪಸ್ ಕೊಳ್ಳುವಂತಿಲ್ಲ ಎಂಬ ಷರತ್ತು ಸುಮ್ನೆ ಬಂದಿದ್ದಲ್ಲ.

ಕಂಪನಿ ತನ್ನ ಲಾಭದಲ್ಲಿ ತನ್ನದೇ ಷೇರು ಕೊಂಡರೆ ಮಾರುಕಟ್ಟೆಯಲ್ಲಿ ಒಟ್ಟು ಷೇರುಗಳ ಸಂಖ್ಯೆ ಕಡಿಮೆಯಾಗುತ್ತದೆ. ಉಳಿದ ಪ್ರತಿ ಷೇರಿನ ಪಾಲಿಗೆ ಬರುವ ಲಾಭ ಜಾಸ್ತಿಯಾಗುತ್ತದೆ, ಸಾಮಾನ್ಯವಾಗಿ ಬೆಲೆಯೂ ಏರುತ್ತದೆ. ಇದಕ್ಕೆ ಬೈಬ್ಯಾಕ್ ಎನ್ನುತ್ತಾರೆ. ಕಾನೂನಿನಲ್ಲಿ ತಪ್ಪೇನಿಲ್ಲ. ಆದರೆ ಆ ಹಣ ಕಂಪನಿಯಿಂದ ಹೊರಗೆ ಹೋಯಿತು ಎಂದರೆ ಹೋಯಿತು, ಕಷ್ಟಕಾಲಕ್ಕೆ ಸಿಗುವುದಿಲ್ಲ.

ಅಮೆರಿಕನ್ ಏರ್‌ಲೈನ್ಸ್ 2011ರಲ್ಲಿ ದಿವಾಳಿ ಅರ್ಜಿ ಹಾಕಿದ್ದ ಕಂಪನಿ. 2013ರ ಕೊನೆಯಲ್ಲಿ ಯುಎಸ್ ಏರ್‌ವೇಸ್ ಜೊತೆ ಸೇರಿ ಎದ್ದು ನಿಂತಿತು. 2014ರಿಂದ ಕೋವಿಡ್ ಬರುವ ತನಕ 1,200 ಕೋಟಿ ಡಾಲರ್‌ಗಿಂತ ಜಾಸ್ತಿ ಹಣವನ್ನು ಬೈಬ್ಯಾಕ್‌ಗೆ ಸುರಿಯಿತು. ಅದೇ ಹೊತ್ತಿಗೆ ಅದರ ಸಾಲ ಬೇರೆಲ್ಲ ದೊಡ್ಡ ಏರ್‌ಲೈನ್‌ಗಳಿಗಿಂತ ಭಾರವಾಗಿತ್ತು. ಇನ್ನು ಮುಂದೆ ನಾವು ನಷ್ಟ ಮಾಡುವ ಕಾಲವೇ ಬರುವುದಿಲ್ಲ ಎಂಬರ್ಥದಲ್ಲಿ ಅದರ ಮುಖ್ಯಸ್ಥ ಡಗ್ ಪಾರ್ಕರ್ 2017ರಲ್ಲಿ ಹೇಳಿದ್ದರು. ಮೂರೇ ವರ್ಷದಲ್ಲಿ ಕಂಪನಿ ಸರ್ಕಾರದ ಬಾಗಿಲಲ್ಲಿತ್ತು. ಉಂಡೂ ಹೋದ ಕೊಂಡೂ ಹೋದ ಎನ್ನುತ್ತೇವಲ್ಲ, ತೆರಿಗೆ ಕಟ್ಟುವವರಿಗೆ ಅನ್ನಿಸಿದ್ದು ಅದೇ.

ಮುಳುಗಲಿ ಬಿಡಿ ಎಂದವರ ವಾದ

2020ರ ಏಪ್ರಿಲ್ 9ರಂದು ಸಿಎನ್‌ಬಿಸಿ ವಾಹಿನಿಯಲ್ಲಿ ಹೂಡಿಕೆದಾರ ಚಮತ್ ಪಲಿಹಪಿಟಿಯ ನೇರವಾಗಿ ಹೇಳಿದರು: ಏರ್‌ಲೈನ್‌ಗಳು ಬೀಳುವುದಾದರೆ ಬೀಳಲಿ. ನಿರೂಪಕರಿಗೆ ಇದು ನಂಬಲಾಗಲಿಲ್ಲ. ಶ್ರೀಮಂತ ಹೂಡಿಕೆದಾರನೇ ಹೂಡಿಕೆದಾರರು ಮುಳುಗಲಿ ಎನ್ನುತ್ತಿದ್ದಾನೆ!

ಅವರ ವಾದದ ತಿರುಳು ಹೀಗಿದೆ. ಕಂಪನಿ ದಿವಾಳಿಯಾದರೆ ವಿಮಾನಗಳು ಮಾಯವಾಗುವುದಿಲ್ಲ. ಅಮೆರಿಕದ ಚಾಪ್ಟರ್ 11 ಕಾನೂನಿನಲ್ಲಿ ಕೋರ್ಟಿನ ರಕ್ಷಣೆ ಪಡೆದ ಕಂಪನಿ ವ್ಯವಹಾರ ಮುಂದುವರಿಸುತ್ತದೆ. ಪೈಲಟ್ ಹಾರಿಸುತ್ತಾನೆ, ಟಿಕೆಟ್ ಮಾರಾಟವಾಗುತ್ತದೆ, ನೌಕರರಿಗೆ ಏನೂ ಆಗುವುದಿಲ್ಲ. ಬದಲಾಗುವುದು ಮಾಲೀಕತ್ವ. ಷೇರುದಾರರ ಹಣ ಹೋಗುತ್ತದೆ, ಸಾಲ ಕೊಟ್ಟವರು ಒಂದಷ್ಟು ಬಿಟ್ಟುಕೊಟ್ಟು ಹೊಸ ಮಾಲೀಕರಾಗುತ್ತಾರೆ. ಅಪಾಯ ಗೊತ್ತಿದ್ದೇ ಹೂಡಿದವರು ಅವರು, ಲಾಭ ಬಂದಾಗ ತೆಗೆದುಕೊಂಡವರೂ ಅವರೇ. ಯುನೈಟೆಡ್ 2002ರಲ್ಲಿ, ಡೆಲ್ಟಾ 2005ರಲ್ಲಿ, ಅಮೆರಿಕನ್ 2011ರಲ್ಲಿ ಇದೇ ದಾರಿಯಲ್ಲಿ ಹೋಗಿ ಬಂದಿದ್ದವು. ಯಾವುದೂ ಹಾರಾಟ ನಿಲ್ಲಿಸಿರಲಿಲ್ಲ.

ಕೇಳಲು ಅಚ್ಚುಕಟ್ಟಾಗಿದೆ. ಆದರೆ ನೌಕರರಿಗೆ ಏನೂ ಆಗುವುದಿಲ್ಲ ಎಂಬ ಭಾಗ ಇತಿಹಾಸಕ್ಕೆ ಹೊಂದುವುದಿಲ್ಲ. ಯುನೈಟೆಡ್ ತನ್ನ ದಿವಾಳಿ ಪ್ರಕ್ರಿಯೆಯ ನಡುವೆ, 2005ರಲ್ಲಿ, ನೌಕರರ ಪಿಂಚಣಿ ಹೊಣೆಯನ್ನು ಸರ್ಕಾರಿ ವಿಮಾ ಸಂಸ್ಥೆಯ ಮೇಲೆ ಹಾಕಿ ಕೈತೊಳೆದುಕೊಂಡಿತು. ಆ ಸಂಸ್ಥೆ ಹೊತ್ತ ಭಾರ ಸುಮಾರು 660 ಕೋಟಿ ಡಾಲರ್. ವಿಮೆಗೆ ಮಿತಿ ಇದ್ದುದರಿಂದ ಅನೇಕರ ಪಿಂಚಣಿ ಕಡಿತವಾಯಿತು. ಕೋವಿಡ್ ನೆರವು ಸಂಬಳದ ಮೂಲಕವೇ ಹೋಗಬೇಕು ಎಂದು ಪಟ್ಟು ಹಿಡಿದವರಲ್ಲಿ ಒಬ್ಬರು ವಿಮಾನ ಪರಿಚಾರಕರ ಸಂಘದ ಅಧ್ಯಕ್ಷೆ ಸಾರಾ ನೆಲ್ಸನ್. ಅವರು ಇದೇ ಯುನೈಟೆಡ್‌ನ ಪರಿಚಾರಕಿ.

ನೆರವು ಬೇಕು ಎಂದವರಿಗೆ ಇನ್ನೂ ಎರಡು ಕಾರಣಗಳಿದ್ದವು. ಇದು ಕಂಪನಿಯ ತಪ್ಪಿನಿಂದ ಬಂದ ನಷ್ಟವಲ್ಲ, ಗಡಿ ಮುಚ್ಚಿದ್ದು ಸರ್ಕಾರಗಳೇ. ಹಾಗೆಯೇ ದಿವಾಳಿ ಕೋರ್ಟಿನಲ್ಲಿ ಇರುವಷ್ಟು ದಿನ ಕಂಪನಿ ನಡೆಸಲು ಯಾರಾದರೂ ಹೊಸ ಸಾಲ ಕೊಡಬೇಕು. ಒಂದು ಏರ್‌ಲೈನ್ ಬಿದ್ದರೆ ಕೊಡುವವರು ಸಿಗುತ್ತಾರೆ. ಎಲ್ಲವೂ ಒಂದೇ ವಾರ ಬಿದ್ದರೆ?

ಈ ಕೊನೆಯ ಭಯ ನಿಜವಾಗಲಿಲ್ಲ ಎಂಬುದು ಈಗ ಗೊತ್ತು. 2020ರ ಮೇ, ಜೂನ್‌ನಲ್ಲಿ ಲ್ಯಾಟಿನ್ ಅಮೆರಿಕದ ಅವಿಯಾಂಕಾ, ಲಟಾಮ್, ಏರೊಮೆಕ್ಸಿಕೊ ಮೂರೂ ಚಾಪ್ಟರ್ 11ಕ್ಕೆ ಹೋದವು. ಸಾಲ ಸಿಕ್ಕಿತು, ಮೂರೂ ಹೊರಬಂದು ಈಗಲೂ ಹಾರುತ್ತಿವೆ. ಯುನೈಟೆಡ್ ತನ್ನ ಮೈಲೇಜ್ ಪಾಯಿಂಟ್ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಎತ್ತಿತು. ಡೆಲ್ಟಾ ಅದೇ ರೀತಿ 900 ಕೋಟಿ ಎತ್ತಿತು. ಆದರೆ ಮಾರ್ಚ್‌ನಲ್ಲಿ ಕುಳಿತು ಸೆಪ್ಟೆಂಬರ್ ಹೀಗಿರುತ್ತದೆ ಎಂದು ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ.

ಬಫೆಟ್ ಮಾರಿ ಹೊರಟರು

ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಕಂಪನಿಗೆ ಅಮೆರಿಕನ್, ಡೆಲ್ಟಾ, ಯುನೈಟೆಡ್, ಸೌತ್‌ವೆಸ್ಟ್ ನಾಲ್ಕರಲ್ಲೂ ಸುಮಾರು ಶೇ 10ರ ಆಸುಪಾಸಿನ ಪಾಲಿತ್ತು. ಎಲ್ಲವನ್ನೂ ಮಾರಿಬಿಟ್ಟೆ ಎಂದು 2020ರ ಮೇ 2ರಂದು ಅವರು ಪ್ರಕಟಿಸಿದರು. ಆಮೇಲೆ ಏರ್‌ಲೈನ್ ಷೇರುಗಳು ಚೇತರಿಸಿಕೊಂಡಾಗ ಅಜ್ಜ ಎಡವಿದರು ಎಂದು ನಕ್ಕವರೇ ಜಾಸ್ತಿ.

ಆದರೆ 2021ರ ಸಭೆಯಲ್ಲಿ ಬಫೆಟ್ ಹೇಳಿದ ಒಂದು ಮಾತಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ತುಂಬ ಶ್ರೀಮಂತ ಷೇರುದಾರ ಒಳಗೆ ಕೂತಿದ್ದಿದ್ದರೆ ಸರ್ಕಾರ ಇಷ್ಟು ಧಾರಾಳವಾಗಿ ಕೈಬಿಚ್ಚುತ್ತಿತ್ತೇ ಎಂಬುದು ಅವರ ಮಾತಿನ ಸಾರ. ಅವರೇ ಹಣ ಹಾಕಲಿ ಎನ್ನುವುದು ಸರ್ಕಾರಕ್ಕೆ ಸುಲಭವಾಗುತ್ತಿತ್ತು. ಅಂದರೆ ಷೇರು ಏರಿದ್ದಕ್ಕೂ ಸರ್ಕಾರದ ಹಣಕ್ಕೂ ನೇರ ನಂಟಿದೆ. ನಷ್ಟ ಷೇರುದಾರರ ತಲೆಗೆ ಬರಬೇಕಿತ್ತು, ಬೇರೆ ಯಾರೋ ಹೊತ್ತುಕೊಂಡರು.

ವಾರಂಟ್ ಲೆಕ್ಕ

ಈಗ ಗೊಂದಲದ ಮೂಲಕ್ಕೆ ಬರೋಣ. ಸರ್ಕಾರ ಸಂಬಳದ ನೆರವನ್ನು ಪೂರ್ತಿ ದಾನವಾಗಿ ಕೊಡಲಿಲ್ಲ. ದೊಡ್ಡ ಕಂಪನಿಗಳಿಗೆ ಕೊಟ್ಟ ಹಣದಲ್ಲಿ ಸುಮಾರು ಶೇ 30ರಷ್ಟನ್ನು ಹತ್ತು ವರ್ಷದ ಸಾಲ ಎಂದು ಬರೆದುಕೊಂಡಿತು. ಆ ಸಾಲದ ಶೇ 10ರಷ್ಟು ಮೌಲ್ಯಕ್ಕೆ ವಾರಂಟ್ ಪಡೆಯಿತು. ವಾರಂಟ್ ಎಂದರೆ ಇಂದು ಗೊತ್ತುಮಾಡಿದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು. ಷೇರು ಆ ಬೆಲೆಗಿಂತ ಏರಿದರೆ ಲಾಭ, ಏರದಿದ್ದರೆ ಅದು ಬರೀ ಕಾಗದ.

ಅಮೆರಿಕನ್ ಏರ್‌ಲೈನ್ಸ್‌ನ ಲೆಕ್ಕವನ್ನೇ ನೋಡಿ. ಮೊದಲ ಸುತ್ತಿನಲ್ಲಿ ಅದಕ್ಕೆ ಸಿಕ್ಕಿದ್ದು 580 ಕೋಟಿ ಡಾಲರ್. ಅದರಲ್ಲಿ 410 ಕೋಟಿ ವಾಪಸ್ ಕೊಡಬೇಕಿಲ್ಲದ ಹಣ, 170 ಕೋಟಿ ಸಾಲ. ಸಾಲದ ಶೇ 10 ಎಂದರೆ 17 ಕೋಟಿ. ಗೊತ್ತುಮಾಡಿದ ಬೆಲೆ ಷೇರಿಗೆ 12.51 ಡಾಲರ್. ಭಾಗಿಸಿದರೆ ಬರುವುದು ಸುಮಾರು 1.36 ಕೋಟಿ ಷೇರುಗಳ ಮೇಲಿನ ಹಕ್ಕು. ಕಂಪನಿಯ ಒಟ್ಟು ಷೇರುಗಳು ಸುಮಾರು 42 ಕೋಟಿ. ಹಾಗಾಗಿ ಸರ್ಕಾರದ ಹಕ್ಕು ಶೇ 3ಕ್ಕಿಂತ ಸ್ವಲ್ಪ ಜಾಸ್ತಿ.

ಇನ್ನೊಂದು ಕಡೆಯಿಂದಲೂ ನೋಡಬಹುದು. 42 ಕೋಟಿ ಷೇರಿಗೆ ಆಗಿನ ಬೆಲೆ ತಲಾ 12 ಡಾಲರ್ ಆಸುಪಾಸು. ಆ ದಿನ ಇಡೀ ಕಂಪನಿಯ ಷೇರುಗಳನ್ನು ಕೊಂಡರೂ ಸುಮಾರು 500 ಕೋಟಿ ಸಾಕಿತ್ತು. 580 ಕೋಟಿ ಕೊಟ್ಟವರು ಪಡೆದದ್ದು ಶೇ 3ರ ಹಕ್ಕು. ಅದೂ 2024ರ ಹರಾಜಿನ ಹೊತ್ತಿಗೆ ಅಮೆರಿಕನ್ ಷೇರು 12.51ಕ್ಕಿಂತ ಕೆಳಗಿತ್ತು. ಹರಾಜಿನಲ್ಲಿ ಹಣ ಬಂದಿದ್ದಕ್ಕೆ ಯುನೈಟೆಡ್, ಡೆಲ್ಟಾದಂಥ ಷೇರುಗಳು ಚೆನ್ನಾಗಿ ಏರಿದ್ದೇ ಕಾರಣ.

ಸಾಲದ ಭಾಗವೂ ಅಗ್ಗವೇ. ಮೊದಲ ಐದು ವರ್ಷ ಬಡ್ಡಿ ಶೇ 1. ಡೆಲ್ಟಾ ಮೈಲೇಜ್ ಯೋಜನೆ ಅಡವಿಟ್ಟು ಖಾಸಗಿಯವರಿಂದ ಎತ್ತಿದ ಸಾಲಕ್ಕೆ ಶೇ 4.5ಕ್ಕಿಂತ ಕಡಿಮೆ ಬಡ್ಡಿ ಇರಲಿಲ್ಲ. ಸರ್ಕಾರದ ಬಡ್ಡಿ ಏರುವುದು ಐದು ವರ್ಷದ ನಂತರವೇ ಆದ್ದರಿಂದ, ಅಲ್ಲಿಯವರೆಗೆ ಬೇಗ ತೀರಿಸಲು ಕಂಪನಿಗಳಿಗೆ ಕಾರಣವೇ ಇರಲಿಲ್ಲ.

ಅಮೆರಿಕ ಸರ್ಕಾರದ ಪರವಾಗಿಯೂ ಒಂದು ಮಾತಿದೆ. ಅದರ ಗುರಿ ಲಾಭವಲ್ಲ, ಲಕ್ಷಾಂತರ ಜನರ ಕೆಲಸ. ನೆರವಿನ ಅವಧಿ 2020ರ ಸೆಪ್ಟೆಂಬರ್ 30ಕ್ಕೆ ಮುಗಿದ ತಕ್ಷಣ ಅಮೆರಿಕನ್ 19,000, ಯುನೈಟೆಡ್ 13,000 ಜನರನ್ನು ಮನೆಗೆ ಕಳಿಸಿದವು. ಡಿಸೆಂಬರ್‌ನಲ್ಲಿ ಎರಡನೇ ನೆರವು ಬಂದ ಮೇಲೆ ವಾಪಸ್ ಕರೆದವು. ಹಣ ಕೆಲಸ ಉಳಿಸಿತು ಎಂಬುದಕ್ಕೆ ಇದೇ ಪುರಾವೆ. ಆದರೆ ಕೆಲಸ ಉಳಿಸುವುದಕ್ಕೂ ಷೇರುದಾರರಿಂದ ಸರಿಯಾದ ಬೆಲೆ ವಸೂಲಿ ಮಾಡುವುದಕ್ಕೂ ವಿರೋಧವಿಲ್ಲವಲ್ಲ. ಎರಡನ್ನೂ ಒಟ್ಟಿಗೆ ಮಾಡಬಹುದಿತ್ತು.

ಜರ್ಮನಿ ಕೇಳಿದ ಬೆಲೆ

ಜರ್ಮನಿ ಹಾಗೆಯೇ ಮಾಡಿತು. 2020ರ ಮೇನಲ್ಲಿ ಲುಫ್ತಾನ್ಸಾಗೆ 900 ಕೋಟಿ ಯೂರೊ ಪ್ಯಾಕೇಜ್ ಕೊಟ್ಟಾಗ ಕಂಪನಿಯ ಶೇ 20ರ ಪಾಲನ್ನು ಸುಮಾರು 30 ಕೋಟಿ ಯೂರೊಗೆ ಬರೆಸಿಕೊಂಡಿತು. ಷೇರಿಗೆ ಕೊಟ್ಟ ಬೆಲೆ 2.56 ಯೂರೊ. ಮಾರುಕಟ್ಟೆಯಲ್ಲಿ ಅದು 8 ಯೂರೊ ಮೇಲಿತ್ತು.

ಹಳೆಯ ಷೇರುದಾರರಿಗೆ ಇದು ನೋವಾಗದೇ ಇರುತ್ತದೆಯೇ? ಉದ್ಯಮಿ ಹೈನ್ಸ್ ಹರ್ಮನ್ ಥೀಲೆ ತಮ್ಮ ಪಾಲನ್ನು ಶೇ 15 ದಾಟಿಸಿಕೊಂಡು, ಸರ್ಕಾರ ಒಳಗೆ ಬರುವುದನ್ನು ಬಹಿರಂಗವಾಗಿ ವಿರೋಧಿಸಿದರು. ಪ್ಯಾಕೇಜ್ ಬೀಳಬಹುದು, ಕಂಪನಿ ದಿವಾಳಿ ರಕ್ಷಣೆ ಕೇಳಬೇಕಾಗಬಹುದು ಎಂಬ ಮಾತು ಬಂತು. ಕೊನೆಗೆ ಥೀಲೆಯೇ ಮಣಿದರು. ಜೂನ್ 25ರ ಸಭೆಯಲ್ಲಿ ಶೇ 98ರಷ್ಟು ಮತ ಪ್ಯಾಕೇಜ್ ಪರವಾಗಿ ಬಿತ್ತು. ಅವರ ಮುಂದಿದ್ದ ಆಯ್ಕೆ ಎರಡೇ: ಶೇ 20 ಬಿಟ್ಟುಕೊಡುವುದು, ಇಲ್ಲವೇ ಎಲ್ಲವನ್ನೂ ಕಳೆದುಕೊಳ್ಳುವುದು. ಬೇಲ್‌ಔಟ್ (ಮುಳುಗುವ ಕಂಪನಿಗೆ ಸರ್ಕಾರ ಕೊಡುವ ನೆರವು) ಚೌಕಾಶಿಯಲ್ಲಿ ಸರ್ಕಾರದ ಕೈ ಎಷ್ಟು ಮೇಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಲುಫ್ತಾನ್ಸಾ 2021ರ ನವೆಂಬರ್‌ಗೆ ಹಣ ತೀರಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಕೊನೆಯ ಪಾಲನ್ನೂ ಮಾರಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಪ್ರತಿಸ್ಪರ್ಧಿ ಏರ್‌ಲೈನ್ ರಯಾನ್‌ಏರ್ ಕೋರ್ಟಿಗೆ ಹೋಗಿತ್ತು. ಸರ್ಕಾರ ಬೆನ್ನಿಗಿರುವ ಕಂಪನಿಯ ಜೊತೆ ನಾವು ಸ್ಪರ್ಧಿಸುವುದು ಹೇಗೆ ಎಂಬುದು ಅದರ ತಕರಾರು. 2023ರ ಮೇನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಈ ಪ್ಯಾಕೇಜ್‌ಗೆ ಸಿಕ್ಕಿದ್ದ ಒಪ್ಪಿಗೆಯನ್ನೇ ರದ್ದು ಮಾಡಿತು. ಲುಫ್ತಾನ್ಸಾಗೆ ಬೇಕಾದ ಹಣದಲ್ಲಿ ಒಂದು ಪಾಲಾದರೂ ಮಾರುಕಟ್ಟೆಯಲ್ಲಿ ಹುಟ್ಟುತ್ತಿತ್ತೇ ಎಂದು ಸರಿಯಾಗಿ ಪರೀಕ್ಷಿಸಿಲ್ಲ ಎಂಬುದು ಕಾರಣಗಳಲ್ಲೊಂದು. ತೆರಿಗೆ ಕಟ್ಟುವವರಿಗೆ ಲಾಭ ತಂದ ವ್ಯವಹಾರವೂ ಪ್ರತಿಸ್ಪರ್ಧಿಗೆ ಅನ್ಯಾಯವಾಗಬಹುದು.

ಬೇಡ ಎಂದ ಆಸ್ಟ್ರೇಲಿಯಾ

ವರ್ಜಿನ್ ಆಸ್ಟ್ರೇಲಿಯಾ 140 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಾಲ ಕೇಳಿತ್ತು. ಸರ್ಕಾರ ಕೊಡಲಿಲ್ಲ. ಅದರ ಮಾಲೀಕರು ಸಿಂಗಪುರ ಏರ್‌ಲೈನ್ಸ್, ಎತಿಹಾದ್, ಚೀನಾದ ಎರಡು ಕಂಪನಿಗಳು, ರಿಚರ್ಡ್ ಬ್ರಾನ್ಸನ್ ಸಮೂಹ. ಅಷ್ಟು ದೊಡ್ಡ ಮಾಲೀಕರಿರುವಾಗ ಜನರ ಹಣ ಯಾಕೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಬಫೆಟ್ ಮುಂದಿನ ವರ್ಷ ಹೇಳಿದ್ದು ಇಲ್ಲಿ ಆಗಲೇ ನಡೆದಿತ್ತು.

2020ರ ಏಪ್ರಿಲ್ 21ರಂದು ಕಂಪನಿ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಬೇನ್ ಕ್ಯಾಪಿಟಲ್ ಎಂಬ ಹೂಡಿಕೆ ಕಂಪನಿ ಅದನ್ನು ಕೊಂಡಿತು. ಷೇರುದಾರರಿಗೆ ಏನೂ ಸಿಗಲಿಲ್ಲ, ಬಾಂಡ್ ಕೊಂಡಿದ್ದವರಿಗೆ ಡಾಲರ್‌ಗೆ 9ರಿಂದ 13 ಸೆಂಟ್ ಎಂಬ ಅಂದಾಜು. ವಿಮಾನಗಳು ಹಾರಿದವು, 2025ರಲ್ಲಿ ಕಂಪನಿ ಮತ್ತೆ ಷೇರುಪೇಟೆಗೂ ಬಂತು. ಪಲಿಹಪಿಟಿಯ ವಾದ ಗೆದ್ದಂತೆ ಕಾಣುತ್ತದೆ. ಆದರೆ ಹೊಸ ಮಾಲೀಕರು ಮೂರನೇ ಒಂದರಷ್ಟು, ಸುಮಾರು 3,000 ಕೆಲಸ ಕಡಿತ ಮಾಡಿದರು. ಅಗ್ಗದ ಟಿಕೆಟ್‌ನ ಟೈಗರ್‌ಏರ್ ಆಸ್ಟ್ರೇಲಿಯಾ ಮುಚ್ಚಿಹೋಯಿತು.

ಹಿಂದೆ ಉಳಿದದ್ದು

ಅಮೆರಿಕದ ನೆರವಿನ ಒಂದು ವಿಚಿತ್ರ ಫಲ 2022ರ ಬೇಸಿಗೆಯಲ್ಲಿ ಕಂಡಿತು. ಸಿಬ್ಬಂದಿಯನ್ನು ತೆಗೆಯುವಂತಿಲ್ಲ ಎಂದಿತ್ತು, ಸ್ವಇಚ್ಛೆಯಿಂದ ಹೋಗುವವರಿಗೆ ಹಣ ಕೊಟ್ಟು ಕಳಿಸುವಂತಿಲ್ಲ ಎಂದಿರಲಿಲ್ಲ. ಸಾವಿರಾರು ಹಿರಿಯ ಪೈಲಟ್‌ಗಳು ಬೇಗ ನಿವೃತ್ತರಾದರು. ಪ್ರಯಾಣಿಕರು ವಾಪಸ್ ಬಂದಾಗ ಹಾರಿಸುವವರು ಸಾಲದೆ ವಿಮಾನಗಳು ರದ್ದಾದವು. ಸಂಬಳಕ್ಕೆ ಹಣ ಕೊಟ್ಟದ್ದೇ ಇಂಥ ದಿನಕ್ಕೆ ಜನ ಸಿದ್ಧವಿರಲಿ ಎಂದು.

ಬೈಬ್ಯಾಕ್ ನಿಷೇಧ 2022ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. 2024ರಲ್ಲಿ ಸೌತ್‌ವೆಸ್ಟ್ 250 ಕೋಟಿ, ಯುನೈಟೆಡ್ 150 ಕೋಟಿ ಡಾಲರ್ ಬೈಬ್ಯಾಕ್ ಘೋಷಿಸಿದವು. ಕಾನೂನು ಮುರಿದಿಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರವೂ ಸರ್ಕಾರ 500 ಕೋಟಿ ಡಾಲರ್ ನೇರ ನೆರವು, 1,000 ಕೋಟಿಯವರೆಗೆ ಸಾಲದ ಖಾತರಿ ಕೊಟ್ಟಿತ್ತು. ಇಪ್ಪತ್ತು ವರ್ಷದಲ್ಲಿ ಎರಡು ಸಲ ಕೈಹಿಡಿದವರು ಮೂರನೇ ಸಲ ಬಿಡುವುದಿಲ್ಲ ಎಂದು ಹೂಡಿಕೆದಾರರು ಲೆಕ್ಕ ಹಾಕಿದರೆ ಅವರನ್ನು ದೂರುವುದು ಕಷ್ಟ. ಆ ನಂಬಿಕೆ ಇರುವ ತನಕ ಕಷ್ಟಕಾಲಕ್ಕೆ ಹಣ ಕೂಡಿಡುವ ಏರ್‌ಲೈನ್‌ಗೆ ಪೇಟೆಯಲ್ಲಿ ಮೆಚ್ಚುಗೆ ಸಿಗುವುದಿಲ್ಲ.

ನಮ್ಮ ಕಡೆಯ ಲೆಕ್ಕ

ಪಾಲು ತೆಗೆದುಕೊಂಡರೆ ಸಾಕು, ಜರ್ಮನಿಯಂತೆ ಲಾಭ ಗ್ಯಾರಂಟಿ ಎಂದುಕೊಳ್ಳುವವರು ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ನೆನಪಿಸಿಕೊಳ್ಳಬೇಕು. 2011ರಲ್ಲಿ ಬ್ಯಾಂಕುಗಳು ತಮ್ಮ ಸಾಲದಲ್ಲಿ ಸುಮಾರು 750 ಕೋಟಿ ರೂಪಾಯಿಯನ್ನು ಷೇರಾಗಿ ಬದಲಿಸಿಕೊಂಡವು. ಕೊಟ್ಟ ಬೆಲೆ ಷೇರಿಗೆ 64.48 ರೂಪಾಯಿ. ಪೇಟೆಯಲ್ಲಿ ಅದು 40 ರೂಪಾಯಿ ಆಸುಪಾಸಿನಲ್ಲಿತ್ತು. ಜರ್ಮನಿ ಪೇಟೆ ಬೆಲೆಯ ಮೂರನೇ ಒಂದಕ್ಕೆ ಕೊಂಡರೆ, ನಮ್ಮ ಬ್ಯಾಂಕುಗಳು ಒಂದೂವರೆ ಪಟ್ಟಿಗಿಂತ ಜಾಸ್ತಿ ಕೊಟ್ಟು ಕೊಂಡವು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟ ನಿಂತೇಹೋಯಿತು.

ಕೋವಿಡ್‌ನಲ್ಲಿ ಭಾರತ ಖಾಸಗಿ ಏರ್‌ಲೈನ್‌ಗಳಿಗೆ ಅಮೆರಿಕದಂತೆ ಸಂಬಳದ ಹಣ ಕೊಡಲಿಲ್ಲ. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಹಾರಾಟವೇ ಬಂದ್. ಆಮೇಲೆ ಟಿಕೆಟ್ ದರಕ್ಕೆ ಮಿತಿ, ಸರ್ಕಾರದ ಖಾತರಿಯ ಸಾಲ ಯೋಜನೆ ಬಂದವು. ಇಂಡಿಗೊ 2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ 2,844 ಕೋಟಿ ರೂಪಾಯಿ ನಷ್ಟ ಕಂಡಿತು, ಶೇ 10ರಷ್ಟು ಸಿಬ್ಬಂದಿಯನ್ನು ತೆಗೆಯುವುದಾಗಿ ಹೇಳಿತು. ಕೈಯಲ್ಲಿ ಸಾವಿರಾರು ಕೋಟಿ ನಗದಿದ್ದುದರಿಂದ ಬದುಕಿಕೊಂಡಿತು. ಗೋ ಫಸ್ಟ್ 2023ರ ಮೇನಲ್ಲಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಎಂಜಿನ್ ತೊಂದರೆಯೂ ಕಾರಣವಾಗಿತ್ತು.

ಏರ್ ಇಂಡಿಯಾ ಕಥೆ ಬೇರೆ. ಟಾಟಾ 18,000 ಕೋಟಿ ರೂಪಾಯಿಗೆ ಕೊಂಡಾಗ ಹೊತ್ತುಕೊಂಡ ಸಾಲ 15,300 ಕೋಟಿ. ಉಳಿದ 46,000 ಕೋಟಿಗೂ ಜಾಸ್ತಿ ಸಾಲ ಸರ್ಕಾರದ ಇನ್ನೊಂದು ಕಂಪನಿಗೆ ಹೋಯಿತು. ಇದನ್ನು ಮಾರಾಟ ಎಂದೇ ಎಲ್ಲರೂ ಕರೆದರು, ಬೇಲ್‌ಔಟ್ ಎಂದು ಕರೆದವರು ಕಡಿಮೆ.

ದುರ್ಬಲರು ಬಿದ್ದರೆ ಗಟ್ಟಿ ಇದ್ದವರು ಬೆಳೆಯುತ್ತಾರೆ. ಕೋವಿಡ್‌ಗೆ ಮೊದಲು ಇಂಡಿಗೊ ಬಳಿ ದೇಶದೊಳಗಿನ ಪ್ರಯಾಣಿಕರಲ್ಲಿ ಅರ್ಧದಷ್ಟು ಇದ್ದರು. 2025ರ ಹೊತ್ತಿಗೆ ಅದು ಮೂರರಲ್ಲಿ ಎರಡರ ಸಮೀಪಕ್ಕೆ ಬಂತು. ಆ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಿದ್ಧವಾಗದೆ ಇಂಡಿಗೊ ಸಾವಿರಾರು ವಿಮಾನಗಳನ್ನು ರದ್ದು ಮಾಡಿತು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ಜನ ಪರದಾಡಿದರು. ಸರ್ಕಾರ ಒಂದು ರೂಪಾಯಿಯೂ ಕೊಡಲಿಲ್ಲ, ಬದಲಿಗೆ ನಿಯಮದಲ್ಲಿ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಅಷ್ಟು ದೊಡ್ಡ ಕಂಪನಿ ನಿಂತರೆ ದೇಶದ ಓಡಾಟವೇ ನಿಲ್ಲುತ್ತದೆ ಎಂಬ ಭಯ ಇಲ್ಲಿಯೂ ಕೆಲಸ ಮಾಡಿತು. ಈ ಸಲ ಬೆಲೆಯನ್ನೂ ಕೇಳಲಾಯಿತು: ಹಾರಾಟದಲ್ಲಿ ಶೇ 10 ಕಡಿತ. ಕಂಪನಿಯ ಗಲ್ಲಾ ತುಂಬಿದೆ, ಷೇರುದಾರರಿಗೆ ಅದು ಸಣ್ಣ ಪೆಟ್ಟು. ವಿನಾಯಿತಿಯ ದಿನಗಳಲ್ಲಿ ಭಾರ ಬಿದ್ದದ್ದು ರಾತ್ರಿ ಪಾಳಿಯ ಪೈಲಟ್‌ಗಳ ಮೇಲೆ.